ಕುದುರೆಮುಖದ ಕ್ವಾರ್ಟರ್ಸ್ ಖಾಲಿ ಮಾಡಿದ ಕಥೆ

ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನಿಂತಿದ್ದು 2005ರ ಡಿಸೆಂಬರ್ 31ಕ್ಕೆ. ನಾವು ಅಲ್ಲಿಂದ ಗಂಟುಮೂಟೆ ಕಟ್ಟಿದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಈ ನಡುವಿನ ಕಾಲದ ಬಗ್ಗೆ ಕೇಳುವವರು ಕಡಿಮೆ. ಗಣಿ ಇದ್ದಾಗ ಊರು ಹೇಗಿತ್ತು ಅಂತ ಕೇಳುತ್ತಾರೆ. ಇಲ್ಲವಾದರೆ ಈಗ ಪಾಳು ಬಿದ್ದ ಮನೆಗಳ ಫೋಟೋ ತೆಗೆದು ‘ಭೂತದ ಊರು’ ಅಂತ ಹಾಕುತ್ತಾರೆ. ಮಧ್ಯೆ ಒಂದಷ್ಟು ಸಂಸಾರಗಳು ಅಲ್ಲೇ ಅಡುಗೆ ಮಾಡಿಕೊಂಡು, ಬಟ್ಟೆ ಒಣಗಿಸಲು ಒದ್ದಾಡಿಕೊಂಡು ಇದ್ದವು ಅನ್ನೋದು ಯಾರಿಗೂ ಹೊಳೆಯುವುದಿಲ್ಲ.

ಅಪ್ಪ ಗಣಿ ಕಂಪನಿಯ ಟೌನ್‌ಶಿಪ್‌ನ ನೀರು ಸರಬರಾಜಿನಲ್ಲಿದ್ದರು. ಗಣಿ ನಿಂತರೂ ನಲ್ಲಿಗೆ ನೀರು ಬಿಡಬೇಕಲ್ವಾ? ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡವರು ಹೋದರು, ಮಂಗಳೂರಿನ ಹತ್ತಿರದ ಪಣಂಬೂರಿನಲ್ಲಿ ಅದಿರಿನ ಉಂಡೆ ಮಾಡುವ ಪೆಲೆಟ್ ಕಾರ್ಖಾನೆಗೆ ವರ್ಗವಾದವರು ಹೋದರು. ನೀರಿನವರು, ಕರೆಂಟಿನವರು, ಸೆಕ್ಯುರಿಟಿಯವರು ಉಳಿದರು. ಅಪ್ಪನ ರಿಟೈರ್‌ಮೆಂಟ್ ತನಕ ನಮ್ಮ ಮನೆ ಅಲ್ಲೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಆ ಬೆಟ್ಟದಲ್ಲಿ ಕಬ್ಬಿಣದ ಅದಿರಿದೆ ಅಂತ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಆದರೆ ಅದು ಬಡ ಅದಿರು, ಹಾಗೇ ತೆಗೆದು ಮಾರಿದರೆ ಬೆಲೆ ಇಲ್ಲ. ಪುಡಿ ಮಾಡಿ, ಅಯಸ್ಕಾಂತದಿಂದ ಬೇರೆ ಮಾಡಿ, ಸಾರ ಹೆಚ್ಚಿಸಬೇಕು. 1975ರಲ್ಲಿ ಇರಾನಿನ ಜೊತೆ ಒಪ್ಪಂದವಾಯಿತು. ಸಾಲ ಅವರದು, ಅದಿರೂ ಅವರಿಗೇ. 1976ರಲ್ಲಿ ಕಂಪನಿ ಶುರುವಾಯಿತು. 1980ಕ್ಕೆ ಕಾರ್ಖಾನೆ ತಯಾರಾಗುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿಯಾಗಿ ಅಲ್ಲಿಯ ದೊರೆ ಶಾ ಓಡಿಹೋಗಿದ್ದರು. ಅದಿರು ಕೊಳ್ಳುವವರೇ ಇಲ್ಲ! ಅಪ್ಪ ಕೆಲಸಕ್ಕೆ ಸೇರಿದ ಕಾಲದಲ್ಲಿ ಕ್ಯಾಂಟೀನಿನ ಮಾತೆಲ್ಲ ಇದೇ ಇತ್ತಂತೆ. ಅಂದರೆ ಈ ಊರು ಮುಚ್ಚಬಹುದು ಅನ್ನೋ ಅಂಜಿಕೆ ಊರಿನ ಜೊತೆಗೇ ಹುಟ್ಟಿತ್ತು. ಆಮೇಲೆ ಬೇರೆ ದೇಶದ ಗಿರಾಕಿಗಳು ಸಿಕ್ಕರು, ಊರು ನಡೆಯಿತು. ಅದಿರಿನ ಪುಡಿಯನ್ನು ನೀರಲ್ಲಿ ಕದಡಿ 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ನಿಲ್ಲುತ್ತಿತ್ತು.

1969ರಲ್ಲಿ 30 ವರ್ಷಕ್ಕೆ ಕೊಟ್ಟ ಲೀಸು 1999ಕ್ಕೆ ಮುಗಿಯಿತು. ಅಷ್ಟರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಗಿತ್ತು. ಭದ್ರಾ ನದಿಗೆ ಹೂಳು ಸೇರುತ್ತಿದೆ ಅಂತ ಕೇಸು ಬಿತ್ತು. 2002ರಲ್ಲಿ ಸುಪ್ರೀಂ ಕೋರ್ಟು 2005ರ ಕೊನೆಗೆ ಗಣಿ ನಿಲ್ಲಲೇಬೇಕು ಅಂತ ತೀರ್ಪು ಕೊಟ್ಟಿತು. ಮುಚ್ಚಿದ್ದು ತಪ್ಪು ಅಂತ ನಾನು ಯಾವತ್ತೂ ಹೇಳಲಾರೆ. ಮಳೆಗಾಲದಲ್ಲಿ ಸೇತುವೆ ಮೇಲೆ ನಿಂತು ಆ ನೀರಿನ ಬಣ್ಣ ನೋಡಿದವರು ಹೇಳಲಾರರು. ಆದರೆ ನಮ್ಮಪ್ಪನ ಮುಂದೆ ಈ ಮಾತು ಆಡುವುದಿಲ್ಲ. ಅವರ ಅನ್ನ ಅದು.

ಗಣಿ ನಿಂತಿದ್ದು ಒಂದು ದಿನದಲ್ಲಿ. ಊರು ಖಾಲಿಯಾಗಿದ್ದು ಮಾತ್ರ ನಿಧಾನಕ್ಕೆ, ಒಂದೊಂದೇ ಸಾಲು. ಶಾಲೆಯ ಪರೀಕ್ಷೆ ಮುಗಿದ ವಾರ ಲಾರಿಗಳು ಬರುತ್ತಿದ್ದವು. ಎರಡು ಸೆಕ್ಷನ್ ಇದ್ದ ಕ್ಲಾಸು ಒಂದಾಯಿತು. ನನ್ನ ತಂಗಿಯ ಕ್ಲಾಸಿನಲ್ಲಿ ಕೊನೆಗೆ ಕಬಡ್ಡಿಗೆ ಎರಡು ತಂಡ ಮಾಡಲೂ ಜನ ಸಾಲುತ್ತಿರಲಿಲ್ಲ. ಸಂಜೆ ದೀಪ ಹತ್ತುವ ಮನೆಗಳನ್ನು ನೋಡಿಯೇ ಯಾರು ಇದ್ದಾರೆ, ಯಾರು ಹೋದರು ಅಂತ ಗೊತ್ತಾಗುತ್ತಿತ್ತು.

ಜನ ಹೋದಂತೆ ಕಾಡು ಒಳಗೆ ಬಂತು. ಅದು ಸಿನಿಮಾದಲ್ಲಿ ತೋರಿಸುವ ಹಾಗೆ ದಡಕ್ಕನೆ ಬರುವುದಿಲ್ಲ. ಮೊದಲು ಸಜ್ಜಾದ ಮೇಲೆ ಪಾಚಿ, ಆಮೇಲೆ ಪಾಚಿಯಲ್ಲಿ ಜರಿಗಿಡ. ಮೋರಿ ಕಟ್ಟುತ್ತದೆ, ನೀರು ಗೋಡೆ ಕಡೆ ತಿರುಗುತ್ತದೆ. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುವ ಜಾಗ ಅದು. ಬೆಂಗಳೂರಿನ ಏಳು ಪಟ್ಟು. ಮನುಷ್ಯ ಒಳಗಿದ್ದು ಒಲೆ ಉರಿಸಿ, ಕಿಟಕಿ ತೆಗೆದು ಹಾಕಿ ಮಾಡುತ್ತಿದ್ದರೆ ಮನೆ ನಿಲ್ಲುತ್ತದೆ. ಎರಡು ಮಳೆಗಾಲ ಬಾಗಿಲು ಹಾಕಿದ್ದರೆ ಮುಗಿಯಿತು. ಆಟದ ಮೈದಾನದಲ್ಲಿ ಬೆಳಗ್ಗೆ ಕಾಟಿ, ಅಂದರೆ ಕಾಡುಕೋಣ, ಮೇಯುತ್ತಿದ್ದವು. ಅಮ್ಮ ವಾಕಿಂಗ್ ಹೋಗುವ ದಾರಿ ಬದಲಾಯಿಸಿದರೇ ಹೊರತು ವಾಕಿಂಗ್ ಬಿಡಲಿಲ್ಲ.

ಸುತ್ತಲಿನ ಹಳ್ಳಿಗಳಿಗೂ ನಮಗೂ ಒಂದು ವಿಚಿತ್ರ ಸಂಬಂಧ. ಸಂಸೆಯಿಂದ ಹಾಲು ಬರುತ್ತಿತ್ತು, ಕಳಸದಿಂದ ತರಕಾರಿ. ನಮ್ಮಲ್ಲಿ ಬೀದಿದೀಪ, ಆಸ್ಪತ್ರೆ, ಟಾರು ರಸ್ತೆ. ಅವರಲ್ಲಿ ಅಡಿಕೆ, ಕಾಫಿ, ಗದ್ದೆ, ಇಂಬಳ. ಗುಡ್ಡದ ಒಳಗಿನ ಮಲೆಕುಡಿಯ ಬುಡಕಟ್ಟಿನವರ ಮನೆಗಳಿಗೆ ಆಗ ಕರೆಂಟು ಕಂಡೇ ಇರಲಿಲ್ಲ. ಹಾಲಿನ ಅಣ್ಣ ನನ್ನನ್ನು ಚಿಕ್ಕಂದಿನಿಂದ ನೋಡಿದವನು. ಆದರೂ ಒಮ್ಮೆ ಕೇಳಿದ, “ಅಲ್ಲಾ, ನಿಮ್ಮ ಊರು ಯಾವುದು?” ನಾನು “ಇದೇ” ಅಂದೆ. ಅವನು ನಕ್ಕ. “ಇದು ಕಂಪನಿದು ಮಾರಾಯ. ನಿಮ್ಮ ಊರು?”

ಅವನ ಮಾತು ತಪ್ಪೇನಲ್ಲ. ಟೌನ್‌ಶಿಪ್‌ನಲ್ಲಿ ಯಾರಿಗೆ ಕೇಳಿದರೂ ಒಬ್ಬರು ಉಡುಪಿ ಅನ್ನುತ್ತಿದ್ದರು, ಒಬ್ಬರು ಧಾರವಾಡ, ಒಬ್ಬರು ಕಲ್ಕತ್ತ. ಅಪ್ಪ ಹಾಸನ ಅನ್ನುತ್ತಿದ್ದರು. ನಾನೂ ತಂಗಿಯೂ ಅಲ್ಲೇ ಹುಟ್ಟಿದವರು, ನಾವೂ ಶಾಲೆಯಲ್ಲಿ ಹಾಸನ ಅಂತಲೇ ಹೇಳುತ್ತಿದ್ದೆವು. ಹಾಸನಕ್ಕೆ ಹೋದರೆ ಅಲ್ಲಿಯ ಅಜ್ಜಿ ನಮ್ಮನ್ನು ‘ಕುದುರೆಮುಖದ ಮಕ್ಕಳು’ ಅನ್ನುತ್ತಿದ್ದರು.

ಅಪ್ಪನ ರಿಟೈರ್‌ಮೆಂಟ್ ಹತ್ತಿರ ಬಂದಾಗ ಕಾಗದಪತ್ರ ಶುರುವಾಯಿತು. ನಾನು ಆಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ. ರಜೆ ಹಾಕಿ ಬಂದೆ. ಮೊದಲನೇ ಫಾರಂನಲ್ಲೇ ‘ಕಾಯಂ ವಿಳಾಸ’ ಅನ್ನೋ ಸಾಲು. ಅಪ್ಪ ಪೆನ್ನು ಹಿಡಿದು ಸುಮ್ನೆ ಕೂತರು. ಹಾಸನದ ಮನೆ ಪಾಲಾಗಿ, ಅಪ್ಪನ ಪಾಲಿನ ಹೆಂಚು ಕುಸಿದು ಬಹಳ ಕಾಲವಾಗಿತ್ತು. ಕಾರ್ಕಳದ ಹತ್ತಿರ ಐದು ಸೆಂಟ್ಸ್ ಜಾಗ ತೆಗೆದುಕೊಂಡು ಮನೆ ಕಟ್ಟಿಸುತ್ತಿದ್ದರು, ಅದಕ್ಕಿನ್ನೂ ಡೋರ್ ನಂಬರ್ ಬಂದಿರಲಿಲ್ಲ. ಕೊನೆಗೆ ಹಾಸನದ್ದನ್ನೇ ಬರೆದರು. ಪಿಎಫ್ ಕಾಗದ ಅಲ್ಲಿಗೆ ಹೋದರೆ ಗತಿ ಏನು ಅಂತ ನಾನು ಗೊಣಗಿದೆ. “ಚಿಕ್ಕಪ್ಪ ಫೋನ್ ಮಾಡ್ತಾನೆ ಬಿಡು” ಅಂದರು.

ಆಮೇಲೆ ನೋ ಡ್ಯೂಸ್. ಕಂಪನಿ ಊರಿನಲ್ಲಿ ಇದ್ದವರಿಗೆ ಇದು ಗೊತ್ತು. ನಮಗೆ ಯಾರ ಬಾಕಿಯೂ ಇಲ್ಲ ಅಂತ ಒಂದೊಂದು ವಿಭಾಗದಿಂದಲೂ ಸಹಿ ಹಾಕಿಸಿಕೊಂಡು ಬರಬೇಕು. ಆಸ್ಪತ್ರೆ, ಲೈಬ್ರರಿ, ಕ್ಲಬ್ಬು, ಸೊಸೈಟಿ, ಕ್ಯಾಂಟೀನು, ಸ್ಟೋರ್ಸು, ಕರೆಂಟು, ಟೆಲಿಫೋನು. ಫಾರಂ ಅಚ್ಚಾಗಿದ್ದು ಊರು ತುಂಬಿದ್ದ ಕಾಲದಲ್ಲಿ. ನಾವು ಹಿಡಿದುಕೊಂಡು ಹೊರಟಿದ್ದು ಅರ್ಧಕ್ಕರ್ಧ ವಿಭಾಗಗಳೇ ಇಲ್ಲದ ಕಾಲದಲ್ಲಿ. ಇಲ್ಲದ ಲೈಬ್ರರಿಗೆ ಬಾಕಿ ಇಲ್ಲ ಅಂತ ಯಾರು ಸಹಿ ಹಾಕಬೇಕು? ಅದಕ್ಕೂ ಒಂದು ವ್ಯವಸ್ಥೆ ಇತ್ತು. ಒಬ್ಬರೇ ಮೇಜಿನ ಮುಂದೆ ಕೂತು ಡ್ರಾಯರಿನಿಂದ ಮೂರು ಸೀಲು ತೆಗೆದು, ಲೈಬ್ರರಿಗೆ ಒಂದು, ಕ್ಲಬ್ಬಿಗೆ ಒಂದು, ಕ್ಯಾಂಟೀನಿಗೆ ಒಂದು ಒತ್ತಿಕೊಟ್ಟರು. ಒತ್ತುವ ಮೊದಲು ಪಾಪ, ಲೆಡ್ಜರ್ ತೆಗೆದು ನೋಡಿಯೇ ನೋಡಿದರು. ಅಮ್ಮನ ಹೆಸರಿನಲ್ಲಿ ಒಂದು ಕಾದಂಬರಿ ಇತ್ತು. ಮನೆಗೆ ಬಂದು ಹುಡುಕಿದರೆ ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತು. ಇಲ್ಲದ ಲೈಬ್ರರಿಗೆ ಪುಸ್ತಕ ವಾಪಸ್ ಕೊಟ್ಟು ಬಂದೆವು.

ದೊಡ್ಡ ಕಥೆ ನಡೆದದ್ದು ಮನೆ ಒಪ್ಪಿಸುವಾಗ. ಕ್ವಾರ್ಟರ್ಸ್‌ನಲ್ಲಿ ಯಾವುದೂ ನಮ್ಮದಲ್ಲ. ನಲ್ಲಿ, ಚಿಲಕ, ಗೀಸರ್, ಟ್ಯೂಬ್‌ಲೈಟಿನ ಪಟ್ಟಿ, ಎಲ್ಲಕ್ಕೂ ಲೆಕ್ಕ ಇದೆ. ಕಂಪನಿಯ ಮನೆಗಳನ್ನು ನೋಡಿಕೊಳ್ಳುವ ಎಸ್ಟೇಟ್ ಸೆಕ್ಷನ್ನಿನವರು ರಿಜಿಸ್ಟರ್ ಹಿಡಿದು ಬಂದರು. ಒಳ್ಳೆಯ ಮನುಷ್ಯ. ಅಮ್ಮ ಕೊಟ್ಟ ಕಾಫಿ ಕುಡಿದು, ಚಪ್ಪಲಿ ಬಿಟ್ಟು ಒಂದೊಂದೇ ಕೋಣೆ ನೋಡುತ್ತಾ ಬಂದರು. ಹಾಲ್‌ನ ಫ್ಯಾನಿನ ಕೆಳಗೆ ಸ್ಟೂಲು ಹಾಕಿ ಹತ್ತಿ, ಮೋಟಾರಿನ ಬುರುಡೆ ಮೇಲೆ ಬಿಳಿ ಪೇಂಟಿನಲ್ಲಿ ಬರೆದಿದ್ದ ನಂಬರು ಓದಿದರು. ರಿಜಿಸ್ಟರ್ ನೋಡಿದರು. ಮತ್ತೆ ನಂಬರು ಓದಿದರು.

“ಈ ಫ್ಯಾನು ನಿಮ್ಮದಲ್ಲ ಸಾರ್.”

“ತಿರುಗುತ್ತಲ್ಲಪ್ಪಾ” ಅಂದರು ಅಪ್ಪ.

“ತಿರುಗುತ್ತೆ. ಆದ್ರೆ ತಿರುಗ್ತಾ ಇರೋದು ಪಕ್ಕದ ಮನೆ ಫ್ಯಾನು.”

ಕುದುರೆಮುಖದ ಚಳಿಯಲ್ಲಿ ಫ್ಯಾನು ಯಾಕೆ ಅಂತ ನಿಮಗೆ ಅನಿಸಬಹುದು. ಅದು ಗಾಳಿಗಲ್ಲ, ಬಟ್ಟೆಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಲ್‌ನಲ್ಲಿ ಅಡ್ಡಡ್ಡ ಹಗ್ಗ ಕಟ್ಟಿ, ಬಟ್ಟೆ ಹರವಿ, ರಾತ್ರಿಯೆಲ್ಲ ಫ್ಯಾನ್ ಹಾಕುತ್ತಿದ್ದೆವು. ಎಲ್ಲರ ಮನೆಯಲ್ಲೂ ಅದೇ. ಸಮವಸ್ತ್ರ ಅರೆಒದ್ದೆಯಾಗಿದ್ದರೆ ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸುವುದು. ಆ ವಾಸನೆ ಮೂಗಿನಿಂದ ಇವತ್ತಿಗೂ ಹೋಗಿಲ್ಲ. ಹಾಗೆ ರಾತ್ರಿಯಿಡೀ ತಿರುಗಿ ನಮ್ಮ ಹಾಲ್‌ನ ಫ್ಯಾನಿನ ಬೇರಿಂಗ್ ಹೋಗಿತ್ತು. ಪಕ್ಕದ ಮನೆ ಅಂಕಲ್ ಎಲೆಕ್ಟ್ರಿಕಲ್‌ನಲ್ಲಿದ್ದರು. ಆಫೀಸಿಗೆ ಬರೆದುಕೊಟ್ಟರೆ ತಡವಾಗುತ್ತೆ, ನಮ್ಮ ಹಿಂದಿನ ರೂಮಿನದು ಹಾಕಿಕೊಳ್ಳಿ, ನಿಮ್ಮದು ನಾನು ಸರಿ ಮಾಡಿಕೊಳ್ಳುತ್ತೇನೆ ಅಂತ ಅದಲುಬದಲು ಮಾಡಿದ್ದರು. ಅಕ್ಕಪಕ್ಕದ ಮನೆಯವರಿಗೆ ಅದೆಲ್ಲ ಲೆಕ್ಕವೇ? ಸಕ್ಕರೆ ಕಡ ತಂದಷ್ಟೇ ಸಲೀಸು. ಆಮೇಲೆ ಅವರಿಗೆ ಪಣಂಬೂರಿಗೆ ವರ್ಗವಾಯಿತು. ಅವರು ಮನೆ ಒಪ್ಪಿಸುವಾಗ ಸ್ಟೂಲು ಹತ್ತಿ ನಂಬರು ಓದಿದವರು ಯಾರೂ ಇರಲಿಲ್ಲ ಅಂತ ಕಾಣುತ್ತೆ. ಸಾಲುಸಾಲಾಗಿ ಮನೆ ಖಾಲಿಯಾಗುತ್ತಿದ್ದ ದಿನಗಳು ಅವು.

ಈಗ ನಮ್ಮ ಫ್ಯಾನು ಬೀಗ ಹಾಕಿದ ಪಕ್ಕದ ಮನೆಯಲ್ಲಿ. ಅಪ್ಪ ಬೆಲೆ ಕಟ್ಟಿಬಿಡುತ್ತೇನೆ ಅಂದರು. “ಕಟ್ಟೋದಾದ್ರೆ ಕಳೆದುಹೋಗಿದೆ ಅಂತ ಬರೀಬೇಕು ಸಾರ್. ಕಳೆದಿಲ್ವಲ್ಲ, ಅಲ್ಲೇ ಇದೆಯಲ್ಲ” ಅಂದರು ಅವರು. ನ್ಯಾಯವಾದ ಮಾತೇ.

ಬೀಗದ ಕೈಗೆ ಎಸ್ಟೇಟ್ ಸೆಕ್ಷನ್ನಿಗೆ ಹೋದೆ. ಗೋಡೆಗೆ ದೊಡ್ಡ ಹಲಗೆ, ಅದರ ತುಂಬ ಕೊಕ್ಕೆ, ಪ್ರತಿ ಕೊಕ್ಕೆಯ ಮೇಲೆ ಮನೆ ನಂಬರು. ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಬಂದರೆ ಕೊಕ್ಕೆಗಳೆಲ್ಲ ಬರಿದಾಗಿರುತ್ತಿದ್ದವು. ಮನೆಗಾಗಿ ಜನ ಕಾಯುತ್ತಿದ್ದರು. ಈಗ ಹಲಗೆ ಕಾಣದಷ್ಟು ಬೀಗದ ಕೈ.

ಪಕ್ಕದ ಮನೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಭುಜ ಕೊಟ್ಟು ತಳ್ಳಬೇಕಾಯಿತು. ಒಳಗೆ ಕಾಲಿಟ್ಟರೆ ಬಾವಿಯೊಳಗಿನ ತಂಪು. ಹಾಲ್‌ನ ಗೋಡೆ ಅರ್ಧದ ತನಕ ಹಸಿರು, ಮೇಲೆ ಕಪ್ಪು. ಆಂಟಿ ಅಡುಗೆಮನೆ ಶೆಲ್ಫಿಗೆ ಹಾಸಿದ್ದ ಪೇಪರ್ ಕಲ್ಲಿಗೆ ಅಂಟಿ ತೊಗಲಿನ ಹಾಗಾಗಿತ್ತು, ಅದರ ಮೂಲೆಯಲ್ಲಿ ಸಣ್ಣ ಬಿಳಿ ಅಣಬೆಗಳು. ಕಿಟಕಿಯ ಗಾಜು ಒಡೆದ ಜಾಗದಿಂದ ಒಂದು ಬಳ್ಳಿ ಒಳಗೆ ಬಂದು, ಕರೆಂಟಿನ ಪೈಪ್ ಹಿಡಿದು ಸ್ವಿಚ್‌ಬೋರ್ಡಿನ ತನಕ ಹೋಗಿತ್ತು. ಬಾವಲಿ ಹಿಕ್ಕೆ ಬೇರೆ. ಅಪ್ಪ ಮಾತಾಡಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿದರು. ಆ ಲೈನಿಗೆ ನೀರು ನಿಲ್ಲಿಸಿದವರು ಅವರೇ. ಆದರೂ ತಿರುಗಿಸಿ ನೋಡಿದರು.

ಹಿಂದಿನ ರೂಮಿನಲ್ಲಿ ಫ್ಯಾನು ಇತ್ತು. ರೆಕ್ಕೆಗಳೆಲ್ಲ ತುಕ್ಕು ಹಿಡಿದು ಕೆಂಪಗಾಗಿದ್ದವು. ಸೀಮೆಎಣ್ಣೆ ಹಾಕಿ ಉಜ್ಜಿದ ಮೇಲೆ ನಂಬರು ಕಾಣಿಸಿತು. ನಮ್ಮದೇ. ಬೋಲ್ಟು ಬಿಚ್ಚಲು ಬರದೆ ಕೊನೆಗೆ ಗರಗಸದಲ್ಲಿ ಕೊಯ್ದೆವು. ಆ ಸತ್ತ ಫ್ಯಾನನ್ನು ತಂದು ನಮ್ಮ ಹಾಲ್‌ನಲ್ಲಿ ತಂತಿ ಸುತ್ತಿ ನೇತುಹಾಕಿದೆವು. ನಮ್ಮ ಮನೆಯ ಚೆನ್ನಾಗಿ ತಿರುಗುವ ಫ್ಯಾನನ್ನು ಬಿಚ್ಚಿ, ಸೋರುವ ಆ ಮನೆಯಲ್ಲಿ ನೇತುಹಾಕಿ, ಬೀಗ ಹಾಕಿ ಬಂದೆವು. ಎಸ್ಟೇಟಿನವರು ಎರಡು ಕಡೆಯೂ ನಂಬರು ನೋಡಿ ರಿಜಿಸ್ಟರಿನಲ್ಲಿ ‘ಇದೆ’ ಅಂತ ಬರೆದರು. ತಿರುಗುತ್ತದೋ ಇಲ್ಲವೋ ಅನ್ನೋದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಹೊರಡುವಾಗ ಅವರೇ ಸ್ವಲ್ಪ ನಾಚಿಕೊಂಡು ಅಂದರು, “ನಂದೂ ಬರೋ ವರ್ಷ ಇದೇ ಕಥೆ ಸಾರ್. ಹೋಗುವಾಗ ನನ್ನ ಮನೆ ಫ್ಯಾನ್ ಯಾರು ನೋಡ್ತಾರೋ.”

ಉಳಿದ ಕೆಲಸ ಮಾಮೂಲು. ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ವಾಪಸ್ ಕೊಟ್ಟು ಟರ್ಮಿನೇಷನ್ ವೋಚರ್ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಹೊಸ ಊರಿನಲ್ಲಿ ಕನೆಕ್ಷನ್ ಸಿಗುವುದಿಲ್ಲ. ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು ಆಗ ನಮ್ಮ ತಾಲ್ಲೂಕು ಕೇಂದ್ರವಾಗಿದ್ದ ಮೂಡಿಗೆರೆಗೆ ಹೋಗಬೇಕಿತ್ತು. ಕಳಸ ದಾಟಿ, ಕೊಟ್ಟಿಗೆಹಾರ ದಾಟಿ, ಅರ್ಧ ದಿನದ ದಾರಿ. ಸಾಹೇಬರು ಇಲ್ಲ ಅಂದರೆ ಇನ್ನೊಂದು ದಿನ. ಕೊಟ್ಟಿಗೆಹಾರದ ನೀರುದೋಸೆ ಒಂದೇ ಆ ಪ್ರಯಾಣದ ಲಾಭ. ಹೊರಡುವವರು ಒಂದು ಕೆಲಸ ಮಾಡಬೇಕು ಅಂತ ಆಗ ಅನಿಸಿತ್ತು. ವಿಳಾಸ ಎಲ್ಲೆಲ್ಲಿ ಕೊಟ್ಟಿದ್ದೇವೆ ಅನ್ನೋದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಎಲ್ಐಸಿ, ಬ್ಯಾಂಕು, ಮಕ್ಕಳ ಟಿಸಿ, ಪಾಸ್‌ಪೋರ್ಟು. ಹೊರಟ ಮೇಲೆ ನೆನಪಾದರೆ ಮತ್ತೆ ಘಟ್ಟ ಹತ್ತಬೇಕು.

ಹಳೇ ಸಾಮಾನು ಮಾರುವುದು ಇನ್ನೊಂದು ಪಾಠ. ಎಲ್ಲರೂ ಒಟ್ಟಿಗೆ ಮಾರುವ ಊರಿನಲ್ಲಿ ಯಾವುದಕ್ಕೂ ಬೆಲೆ ಇಲ್ಲ. ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲೂ ಅಷ್ಟರಲ್ಲಿ ಟೌನ್‌ಶಿಪ್‌ನ ಮಂಚ ಬಂದಾಗಿತ್ತು. ಗೋದ್ರೇಜ್ ಬೀರು ಮಾತ್ರ ತೆಗೆದುಕೊಂಡು ಹೋಗಲು ಹಾಲಿನ ಅಣ್ಣ ಒಪ್ಪಿದ. ಅವನದು ರಾಷ್ಟ್ರೀಯ ಉದ್ಯಾನದ ಅಂಚಿನ ಮನೆ. ಕಾಡಿನೊಳಗಿನ ಕುಟುಂಬಗಳಿಗೆ ಪರಿಹಾರ ಕೊಟ್ಟು ಹೊರಗೆ ಕಳಿಸುವ ಮಾತು ಆಗ ಜೋರಾಗಿತ್ತು. “ನೀವು ಹೋದ ಹಾಗೆ ನಮ್ಮನ್ನೂ ಹೋಗಿ ಅಂತಾರೆ. ನಿಮಗೆ ಪಿಎಫ್ ಉಂಟು. ನಮಗೆ ಈ ತೋಟ ಬಿಟ್ರೆ ಏನುಂಟು?” ಅಂದ. ಬೀರುವಿನ ದುಡ್ಡನ್ನು ಕಂತಿನಲ್ಲಿ ಕೊಡುತ್ತೇನೆ ಅಂದ. ಅಪ್ಪ ಬೇಡ ಅಂದರು. ಅವನು ಕೇಳಲಿಲ್ಲ, ಒಂದು ಡಬ್ಬಿ ಜೇನು ಇಟ್ಟು ಹೋದ.

ಲಾರಿ ಡ್ರೈವರ್ ಕಾರ್ಕಳದವನು. ಬಂದವನೇ, “ಬಿ ಟೈಪ್ ಮನೆಯಾ? ಹಾಗಾದ್ರೆ ಒಂದೇ ಲೋಡು” ಅಂದ. ಆ ಟೌನ್‌ಶಿಪ್‌ನಿಂದ ಅದೆಷ್ಟು ಮನೆ ಸಾಮಾನು ಹೊತ್ತಿದ್ದನೋ, ಯಾವ ಕೋಣೆಯಲ್ಲಿ ಏನಿರುತ್ತೆ ಅಂತ ನಮಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಫ್ರಿಜ್ಜು ಮೊದಲು, ನಿಲ್ಲಿಸಿಯೇ. ಹಾಸಿಗೆ ಸುತ್ತಿ ಅದರ ಪಕ್ಕಕ್ಕೆ. ಪಾತ್ರೆ ಡ್ರಮ್ಮಿನೊಳಗೆ. ಗಿಡದ ಕುಂಡ ಬೇಡ ಅಂದ. ಅಮ್ಮ ಬೇಕು ಅಂದರು. ಅಮ್ಮನೇ ಗೆದ್ದರು. ಮಂಜು ಬಿಡುವ ತನಕ ಹೊರಡುವುದಿಲ್ಲ ಅಂತ ಅವನು ಹಠ ಹಿಡಿದ. ಜಿಲ್ಲೆಯ ಗಡಿ ಎಸ್.ಕೆ. ಬಾರ್ಡರ್ ದಾಟಿ ಮಾಳದ ಕಡೆ ಇಳಿಯುವ ತಿರುವುಗಳಲ್ಲಿ ಲೋಡ್ ಲಾರಿ ಇಳಿಸುವವನ ಮಾತು ಕೇಳುವುದೇ ಸರಿ. ಬಜಗೋಳಿ ಮುಟ್ಟುವ ಹೊತ್ತಿಗೆ ಸ್ವೆಟರ್ ಬಿಚ್ಚಿದೆವು. ಕಾರ್ಕಳದ ಸೆಖೆಗೆ ಹೊಸ ಮನೆಯಲ್ಲಿ ಮೊದಲು ಕೊಂಡದ್ದು ಫ್ಯಾನು, ಈ ಸಲ ನಿಜಕ್ಕೂ ಗಾಳಿಗೆ.

ಪಿಎಫ್ ಕಾಗದ ಹಾಸನಕ್ಕೇ ಹೋಯಿತು. ಚಿಕ್ಕಪ್ಪ ಫೋನೂ ಮಾಡಿದರು, ಅಪ್ಪನ ಮಾತೇ ಗೆದ್ದಿತು. ಗ್ಯಾಸು, ರೇಷನ್ನು, ಬ್ಯಾಂಕು ಒಂದೊಂದಾಗಿ ಸರಿಹೋದವು. ಎಳೆದಾಡಿದ್ದು ವೋಟರ್ ಲಿಸ್ಟು. ಆಗ ಹಳೇ ಜಾಗದಲ್ಲಿ ಹೆಸರು ತೆಗೆಸಲು ಫಾರಂ 7, ಹೊಸ ಜಾಗದಲ್ಲಿ ಸೇರಿಸಲು ಫಾರಂ 6 ಕೊಡಬೇಕಿತ್ತು. ಇಬ್ಬರದೂ ಒಟ್ಟಿಗೇ ಕೊಟ್ಟಿದ್ದೆ. ಅಪ್ಪನ ಹೆಸರು ಬಂತು. ಅಮ್ಮನ ಹೆಸರು ಅಲ್ಲಿ ಹೋಯಿತು, ಇಲ್ಲಿ ಬರಲಿಲ್ಲ. ಒಂದು ಚುನಾವಣೆಗೆ ಅಮ್ಮ ಮನೆಯಲ್ಲೇ ಉಳಿದರು. “ಯಾವ ಊರಿಗೂ ಬೇಡವಾದೆ ನೋಡು” ಅಂತ ನಗುತ್ತಲೇ ಹೇಳಿದರೂ ಆ ದಿನ ಪೂರ್ತಿ ಟಿವಿ ಹಾಕಲಿಲ್ಲ. ಮತ್ತೆ ಫಾರಂ 6 ತುಂಬಿದೆವು. ಮುಂದಿನ ಪಟ್ಟಿಯಲ್ಲಿ ಹೆಸರು ಬಂತು, ಫೋಟೋನೂ ಸರಿಯಾಗಿತ್ತು. ಗಂಡನ ಹೆಸರು ಇರಬೇಕಾದ ಕಡೆ ನನ್ನ ಹೆಸರು. ಅದನ್ನು ಸರಿಪಡಿಸಲು ಫಾರಂ 8.